ಚಿಕ್ಕ ಬೋಟ್‌ಗೆ ಫಿಶ್‌ಫೈಂಡರ್ ತಗೊಳ್ಳೋರಿಗೆ
ಬೆಂಗಳೂರಿಂದ ವೀಕೆಂಡ್‌ಗೆ ಕಾಯಕ್ ಕಟ್ಕೊಂಡು ಹಿನ್ನೀರಿಗೆ ಹೋಗೋ ನಮ್ಮಂಥೋರಿಗೆ ಫಿಶ್‌ಫೈಂಡರ್‌ಗೆ (ನೀರೊಳಗೆ ಶಬ್ದದ ಅಲೆ ಬಿಟ್ಟು ಮೀನು, ತಳ ಸ್ಕ್ರೀನ್ ಮೇಲೆ ತೋರ್ಸೋ ಯಂತ್ರ) 9 ಇಂಚಿನ ಸ್ಕ್ರೀನ್ ಬೇಡ್ವೇ ಬೇಡ, 5 ಇಂಚು ಧಾರಾಳ ಸಾಕು, ಆದ್ರೆ ಮಧ್ಯಾಹ್ನದ ಬಿಸಿಲಲ್ಲಿ ಕಾಣ್ಬೇಕು, ಅದಕ್ಕೆ ಅಂಗಡಿಯವ್ರಿಗೆ ಹೇಳಿ ಹೊರಗಡೆ ತಂದು ಆನ್ ಮಾಡ್ಸಿ ನೋಡಿ.

ನಾನು ಏಮಾರಿದ್ದು ಟ್ರಾನ್ಸ್‌ಡ್ಯೂಸರ್ ವಿಷ್ಯದಲ್ಲಿ, ಅಂದ್ರೆ ನೀರಿಗೆ ಶಬ್ದ ಬಿಟ್ಟು ವಾಪಸ್ ಬಂದಿದ್ದನ್ನ ಹಿಡಿಯೋ ಭಾಗ. ಸಾಮಾನ್ಯವಾಗಿ 200 ಕಿಲೋಹರ್ಟ್ಜ್‌ದು ಸುಮಾರು 20 ಡಿಗ್ರಿ ಕೋನ್ (ಶಬ್ದ ಕೆಳಗೆ ಹರಡೋ ಅಗಲ) ಅಷ್ಟೇ, ಅಂದ್ರೆ 10 ಅಡಿ ಆಳದಲ್ಲಿ ತಳದಲ್ಲಿ ಮೂರೂವರೆ ಅಡಿ ಅಗಲ ಮಾತ್ರ ಕಾಣತ್ತೆ, ಪಕ್ಕದಲ್ಲೇ ಮೀನು ಹಾರ್ತಿದ್ರೂ ಸ್ಕ್ರೀನ್ ಖಾಲಿ! ನೀರು ಕಡಿಮೆ ಇರೋ ಕಡೆ ಅಗಲ ಕೋನ್ ಇರೋದು, ಜೊತೆಗೆ ಚರ್ಪ್ (ಒಂದೇ ಫ್ರೀಕ್ವೆನ್ಸಿ ಬದಲು ಹಲವು ಫ್ರೀಕ್ವೆನ್ಸಿ ಬಿಡೋ ತಂತ್ರ) ಇದ್ರೆ ಒಳ್ಳೇದು, ಹತ್ತಿರತ್ತಿರ ಇರೋ ಮೀನುಗಳು ಬೇರೆಬೇರೆ ಆಗಿ ಕಾಣ್ತವೆ. 2000 ಅಡಿ ಆಳ ಅಂತ ಡಬ್ಬ ಮೇಲೆ ಬರ್ದಿದ್ದನ್ನ ನೋಡಿ ಮರುಳಾಗ್ಬೇಡಿ, ನಮ್‌ ಕೆರೆಗೆ ಯಾತಕ್ಕದು?

ಪ್ಲಾಸ್ಟಿಕ್ ಬೋಟ್ ಆದ್ರೆ ಟ್ರಾನ್ಸ್‌ಡ್ಯೂಸರ್‌ನ ಒಳಗಡೆಯಿಂದ್ಲೇ ಅಂಟಿಸ್ಬೋದು ಅಂತಾರೆ, ಸರಿ, ಆದ್ರೆ ಗಮ್ ಒಳಗೆ ಒಂದು ಗುಳ್ಳೆ ಉಳಿದ್ರೂ ಸಿಗ್ನಲ್ ಹೋಯ್ತು, ಡೌನ್ ಇಮೇಜಿಂಗ್ (ತಳದ್ದು ಫೋಟೋ ಥರ ಸ್ಪಷ್ಟ ಚಿತ್ರ ತೋರ್ಸೋದು) ಅಂತೂ ಹಂಗೆ ಸರಿಯಾಗಿ ಬರಲ್ಲ. ಅಲ್ಯುಮಿನಿಯಂ ಆದ್ರೆ ಹೊರಗಡೆನೇ ಹಾಕ್ಬೇಕು.

ಬ್ಯಾಟರಿ ಬೆಂಗಳೂರಿನ ಎಸ್‌ಪಿ ರೋಡಲ್ಲಿ (ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ರಸ್ತೆ) ಹುಡುಕಿ, 12 ವೋಲ್ಟ್ 7 ಆಂಪಿಯರ್ ಅವರ್‌ದು ಒಂದಿನಕ್ಕೆ ಸಾಕಾಗತ್ತೆ, ಫ್ಯೂಸ್ ಮರೀಬೇಡಿ.