ಶಾಲೆ ಸೋರುತ್ತಿದೆಯೇ? ಮನವಿಗಿಂತ ಮೊದಲು ಅಂದಾಜುಪಟ್ಟಿ ಮಾಡಿಸಿ

ಊರಿನ ಸರ್ಕಾರಿ ಶಾಲೆ ಸೋರುತ್ತದೆ ಎಂದು ಶಾಸಕರಿಗೆ ಮನವಿ ಕೊಟ್ಟಾಯಿತು, ಫೋಟೋ ತೆಗೆಸಿಕೊಂಡದ್ದೂ ಆಯಿತು. ದುಡ್ಡು ಮಾತ್ರ ಬರಲಿಲ್ಲ. ಎಷ್ಟು ಖರ್ಚಾಗುತ್ತದೆ, ಜಾಗ ಯಾರ ಹೆಸರಲ್ಲಿದೆ ಎಂಬುದೇ ಇಂಥ ಎಷ್ಟೋ ಮನವಿಗಳಲ್ಲಿ ಇರುವುದಿಲ್ಲ.

ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆಯಿರಿ. ಯಾವ ಕೊಠಡಿಗೆ ಏನಾಗಿದೆ ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ. 'ಶಾಲೆ ದುರಸ್ತಿ ಮಾಡಿಸಿಕೊಡಿ' ಅಂತ ಸುಮ್ನೆ ಒಂದು ಸಾಲು ಬರೆದರೆ ಸಾಲದು.

ಒಡೆದ ಹೆಂಚು, ಮುರಿದ ಚಿಲಕಕ್ಕೆ ಯಾರ ಹತ್ತಿರವೂ ಹೋಗಬೇಕಿಲ್ಲ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಇದೆ. ಮಾರ್ಗಸೂಚಿ ಪ್ರಕಾರ 30 ಮಕ್ಕಳವರೆಗೆ ವರ್ಷಕ್ಕೆ 10,000, 100ರವರೆಗೆ 25,000, 250ರವರೆಗೆ 50,000 ರೂಪಾಯಿ. ಕರೆಂಟ್ ಬಿಲ್ಲೂ ಅದರಲ್ಲೇ, ಶೇ 10ರಷ್ಟು ಸ್ವಚ್ಛತೆಗೂ ಅದರಲ್ಲೇ. ಸೂರಿಗೆ ಜಾಸ್ತಿ ಏನೂ ಉಳಿಯುವುದಿಲ್ಲ, ಅಲ್ವಾ?

ಚಾವಣಿಯ ಗಾರೆ ಉದುರಿ ಕಂಬಿ ಕಾಣುತ್ತಿದ್ದರೆ ಮಾತೇ ಬೇರೆ. ಆ ಕೋಣೆಗೆ ಅವತ್ತೇ ಬೀಗ ಹಾಕಿಸಿ. ಮುಖ್ಯ ಶಿಕ್ಷಕರ ಪತ್ರದ ಜೊತೆ ನಡಾವಳಿಯ ಪ್ರತಿ, ಫೋಟೋ ಇಟ್ಟು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಡಿ. ಪಂಚಾಯತ್ ರಾಜ್ ವಿಭಾಗದ ಎಂಜಿನಿಯರ್ ಬಂದು ನೋಡಿ ಅಂದಾಜುಪಟ್ಟಿ ಮಾಡಿಕೊಡುವಂತೆ ಅದರಲ್ಲೇ ಕೇಳಿ. ದುರಸ್ತಿ ಸಾಕೋ, ಕೆಡವಬೇಕೋ ಎಂದು ಹೇಳಬೇಕಾದವರು ಅವರೇ. ಅನುಮತಿಯಿಲ್ಲದೆ ಊರವರೇ ಜೆಸಿಬಿ ತಂದು ಕೆಡವುವಂತಿಲ್ಲ.

ಹೊಸ ಕೊಠಡಿಯಾದರೆ ಜಾಗದ ದಾಖಲೆ ಬೇಕು. ತೊಡಕಿರುವುದೇ ಇಲ್ಲಿ. ಯಾವುದೋ ಕಾಲದಲ್ಲಿ ಯಾರೋ ಪುಣ್ಯಾತ್ಮರು ಬಾಯಿಮಾತಿನಲ್ಲಿ ಕೊಟ್ಟ ಜಾಗ, ಪಹಣಿ ಇನ್ನೂ ಅವರ ಹೆಸರಲ್ಲೇ ಇರುತ್ತದೆ. ಮನೆಯವರು ಒಪ್ಪುವಾಗಲೇ ದಾನಪತ್ರ ನೋಂದಣಿ ಮಾಡಿಸಿ. ಮೊಮ್ಮಕ್ಕಳ ಕಾಲಕ್ಕೆ ಸೈಟಿನ ರೇಟು ಏರಿರುತ್ತದೆ.

ಶಾಲೆಯ ಅಂಕಿಅಂಶ ಸರ್ಕಾರಕ್ಕೆ ಕಳಿಸುವ ಯುಡೈಸ್ ನಮೂನೆಯನ್ನೂ ಒಮ್ಮೆ ನೋಡಿ. ಪ್ರತಿ ವರ್ಷ ತುಂಬುವ ಅದರಲ್ಲಿ ಸುಸ್ಥಿತಿ, ಸಣ್ಣ ದುರಸ್ತಿ, ದೊಡ್ಡ ದುರಸ್ತಿ ಎಂದು ಕೊಠಡಿಗಳ ಲೆಕ್ಕ ಕೊಡಬೇಕು. ಹೋದ ವರ್ಷದ್ದನ್ನೇ ನಕಲು ಮಾಡಿ 'ಸುಸ್ಥಿತಿ' ಎಂದು ಕಳಿಸಿದ್ದರೆ, ಬೆಂಗಳೂರಿನ ಕಂಪ್ಯೂಟರಿನಲ್ಲಿ ನಿಮ್ಮ ಶಾಲೆ ಸೋರುತ್ತಲೇ ಇಲ್ಲ!

ಇಷ್ಟು ಕಾಗದ ಕೈಯಲ್ಲಿದ್ದರೆ ಶಾಸಕರ ಹತ್ತಿರ ಹೋಗಿ. ಅವರ ಪ್ರದೇಶಾಭಿವೃದ್ಧಿ ನಿಧಿ ಇದೆ. ಸಂಸದರಿಗೂ ವರ್ಷಕ್ಕೆ 5 ಕೋಟಿ ರೂಪಾಯಿ ಇದೆ, ಆದರೆ ಅವರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಬೀದರ್‌ನಿಂದ ಬಳ್ಳಾರಿವರೆಗಿನ ಏಳು ಜಿಲ್ಲೆಯವರು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯನ್ನೂ ಕೇಳಬಹುದು.

ಕೆಲಸ ಶುರುವಾದರೆ ಅಂದಾಜುಪಟ್ಟಿಯ ಒಂದು ಪ್ರತಿ ಎಸ್‌ಡಿಎಂಸಿ ಹತ್ತಿರ ಇರಲಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಗುತ್ತಿಗೆದಾರರ ಬಿಲ್ಲು ಪಾಸಾಗುವ ಮೊದಲೇ ಹಾಕಿ.