ಬ್ರಿಟನ್‌ನಲ್ಲಿ ಪಲ್ಮನರಿ ರಿಹ್ಯಾಬ್: ದಮ್ಮಿಗೆ ನಡಿಗೆಯೇ ಮದ್ದು

"ದಮ್ಮು ಅಂತ ಬಂದರೆ ಕಸರತ್ತು ಮಾಡಿ ಅಂತಾರೆ. ಔಷಧಿ ಕೊಡೋಕೆ ಇಷ್ಟ ಇಲ್ಲ ಅಂತ ನೇರವಾಗಿ ಹೇಳಬಾರದಾ?" ಜಿಪಿ ಸರ್ಜರಿಯಿಂದ (ಇಲ್ಲಿ ಜಿಪಿ ಅಂದರೆ ಫ್ಯಾಮಿಲಿ ಡಾಕ್ಟರ್, ಸರ್ಜರಿ ಅಂದರೆ ಅವರ ಕ್ಲಿನಿಕ್) ಹೊರಬಂದು ಕಾರು ಹತ್ತುವ ಮೊದಲು ನಮ್ಮತ್ತೆ ಹೇಳಿದ ಮಾತಿದು. ಆಗ ನನಗೂ ಹಾಗೇ ಅನ್ನಿಸಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರನ್ನು ಜಿಮ್ಮಿಗೆ ಕಳಿಸುವುದೆಂದರೆ ಕೈತೊಳೆದುಕೊಂಡಂತೆಯೇ ಅಲ್ಲವೇ? ಅಲ್ಲ ಅಂತ ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಇದರ ಹೆಸರು ಪಲ್ಮನರಿ ರಿಹ್ಯಾಬಿಲಿಟೇಷನ್. ನರ್ಸ್‌ಗಳ ಬಾಯಲ್ಲಿ ಬರೀ 'ಪಿಆರ್'. ಹೆಚ್ಚಾಗಿ ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗಿ ದಮ್ಮು ತರುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೆ. ಶ್ವಾಸನಾಳ ಹಿಗ್ಗಿ ಕಫ ಕಟ್ಟುವ ಬ್ರಾಂಕಿಯೆಕ್ಟಾಸಿಸ್ ಅಥವಾ ಶ್ವಾಸಕೋಶ ಗಟ್ಟಿಯಾಗುವ ಐಎಲ್‌ಡಿ ಇದ್ದವರನ್ನೂ ಸೇರಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ 6ರಿಂದ 8 ವಾರ, ವಾರಕ್ಕೆ 2 ತರಗತಿ. ಪ್ರತಿ ತರಗತಿಯಲ್ಲಿ ಫಿಸಿಯೋ ಕಣ್ಣೆದುರು ವ್ಯಾಯಾಮ, ಆಮೇಲೆ ಕಾಯಿಲೆಯ ಬಗ್ಗೆ ಒಂದಿಷ್ಟು ಪಾಠ. ನಡೆಯುವ ಜಾಗ ಆಸ್ಪತ್ರೆಯೇ ಆಗಬೇಕೆಂದಿಲ್ಲ. ಕಮ್ಯುನಿಟಿ ಹಾಲ್, ಲೀಷರ್ ಸೆಂಟರ್, ಕೆಲವೊಮ್ಮೆ ಚರ್ಚಿನ ಹಿಂದಿನ ಕೋಣೆಯೂ ಆದೀತು.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಮನೆಯವರೆಲ್ಲ ತಿಳಿದುಕೊಂಡರೆ ಅರ್ಧ ಜಗಳ ತಪ್ಪುತ್ತದೆ. ಸಿಒಪಿಡಿಯಲ್ಲಿ ಹಾಳಾದ ಶ್ವಾಸಕೋಶ ವ್ಯಾಯಾಮದಿಂದ ಸರಿಹೋಗುವುದಿಲ್ಲ. ಸರಿಹೋಗುವುದು ಕಾಲು. ಮೇಲುಸಿರು ಬರುತ್ತದೆಂಬ ಹೆದರಿಕೆಗೆ ಓಡಾಟ ಕಡಿಮೆಯಾಗುತ್ತದೆ, ಕೂತು ಕೂತು ತೊಡೆಯ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯುವಿಗೆ ಅದೇ ಕೆಲಸಕ್ಕೆ ಹೆಚ್ಚು ಉಸಿರು ಬೇಕಾಗುತ್ತದೆ. ಹೋದ ವರ್ಷ ಅಂಗಡಿ ತನಕ ಹೋಗುತ್ತಿದ್ದವರು ಈ ವರ್ಷ ಗೇಟಿಗೇ ನಿಲ್ಲುತ್ತಾರೆ. ರಿಹ್ಯಾಬ್ ಈ ಚಕ್ರವನ್ನು ಕಾಲಿನ ಕಡೆಯಿಂದ ತಿರುಗಿಸುತ್ತದೆ. ಆದ್ದರಿಂದ ಕೋರ್ಸ್ ಮುಗಿದ ಮೇಲೆ ಸ್ಪೈರೊಮೆಟ್ರಿ, ಅಂದರೆ ಊದಿಸಿ ನೋಡುವ ಶ್ವಾಸಕೋಶದ ಪರೀಕ್ಷೆ ಮಾಡಿಸಿಕೊಂಡು, ಊದಿದ ಅಂಕಿ ಹಾಗೇ ಇದೆಯೆಂದು ಬೇಸರಪಡಬೇಡಿ. ಅದು ಬದಲಾಗಲೆಂದು ಮಾಡಿದ್ದೇ ಅಲ್ಲ.

ಸೇರಿಕೊಳ್ಳುವುದು ಹೇಗೆ? ಹೆಚ್ಚಿನ ಕಡೆ ರೆಫರಲ್, ಅಂದರೆ ಶಿಫಾರಸು ಪತ್ರ ಬೇಕು. ಜಿಪಿ, ಸರ್ಜರಿಯ ಪ್ರಾಕ್ಟೀಸ್ ನರ್ಸ್ ಅಥವಾ ಆಸ್ಪತ್ರೆಯ ರೆಸ್ಪಿರೇಟರಿ ನರ್ಸ್, ಯಾರು ಬರೆದರೂ ಆದೀತು. ಸಿಒಪಿಡಿ ಇದ್ದವರಿಗೆ ವರ್ಷಕ್ಕೊಂದು ರಿವ್ಯೂ ಇರುತ್ತದೆ, ಕೇಳಲು ಅದೇ ಒಳ್ಳೆಯ ಸಮಯ. ಅವರಾಗಿಯೇ ಹೇಳಲಿ ಎಂದು ಕಾಯಬೇಡಿ, "ಪಲ್ಮನರಿ ರಿಹ್ಯಾಬ್‌ಗೆ ರೆಫರ್ ಮಾಡುತ್ತೀರಾ?" ಎಂದು ಬಾಯಿಬಿಟ್ಟು ಕೇಳಿ.

ನಮ್ಮವರು ಎಡವುವುದು ಇಲ್ಲೇ. ನರ್ಸ್ "ಉಸಿರಾಟ ಹೇಗಿದೆ?" ಅಂದರೆ ನಮ್ಮ ಹಿರಿಯರ ಬಾಯಲ್ಲಿ ಬರುವುದು ಒಂದೇ ಉತ್ತರ: "ಪರವಾಗಿಲ್ಲ." ಆ ಪರವಾಗಿಲ್ಲ ಅನ್ನುವುದು ಇಂಗ್ಲಿಷಿಗೆ 'ಫೈನ್' ಎಂದು ಹೋಗಿ ಕಂಪ್ಯೂಟರಿನಲ್ಲಿ ಕೂತುಬಿಡುತ್ತದೆ. ಅವರು ಅಳೆಯುವುದು ಎಮ್‌ಆರ್‌ಸಿ ಎಂಬ 1ರಿಂದ 5ರ ಮಾಪಕದಲ್ಲಿ. ಜೋರಾಗಿ ಶ್ರಮಪಟ್ಟಾಗ ಮಾತ್ರ ಏದುಸಿರು ಬಂದರೆ 1. ಅವಸರದಲ್ಲಿ ನಡೆದರೆ ಅಥವಾ ಸಣ್ಣ ಏರು ಹತ್ತಿದರೆ ಬರುವುದು 2. ಸಮತಟ್ಟು ರಸ್ತೆಯಲ್ಲೇ ಓರಗೆಯವರಿಗಿಂತ ನಿಧಾನವಾದರೆ 3. ಸುಮಾರು 100 ಮೀಟರಿಗೆ ನಿಲ್ಲಬೇಕಾದರೆ 4. ಬಟ್ಟೆ ಬದಲಿಸುವಾಗಲೂ ದಮ್ಮು ಹತ್ತಿದರೆ, ಮನೆಯಿಂದ ಹೊರಬೀಳಲಾಗದಿದ್ದರೆ 5. ಸಾಮಾನ್ಯವಾಗಿ 3 ಮತ್ತು ಮೇಲಿನವರಿಗೆ ರಿಹ್ಯಾಬ್ ಕೊಡಬೇಕೆಂದು ಇಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ ಹೇಳುತ್ತದೆ. ಹಾಗಾಗಿ 'ಪರವಾಗಿಲ್ಲ'ದ ಬದಲು "ಬಸ್ ಸ್ಟಾಪಿಗೆ ಹೋಗುವಾಗ ಎರಡು ಸಲ ನಿಲ್ಲುತ್ತೇನೆ" ಎಂದು ಹೇಳಿಸಿ.

ಇನ್ನೊಂದು. "ಸಿಗರೇಟು ಸೇದುತ್ತೀರಾ?" "ಇಲ್ಲ." ಅಲ್ಲಿಗೆ ಕೆಲವರು ಸಿಒಪಿಡಿಯ ಯೋಚನೆಯನ್ನೇ ಬಿಟ್ಟುಬಿಡುತ್ತಾರೆ. ಹತ್ತಾರು ವರ್ಷ ಸೌದೆ ಒಲೆಯ ಹೊಗೆ ಕುಡಿದ ಹೆಂಗಸರಿಗೂ ಈ ಕಾಯಿಲೆ ಬರುತ್ತದೆ. ಅದನ್ನು ನೀವಾಗಿಯೇ ಹೇಳಬೇಕು, ಅವರು ಕೇಳದೇ ಇರಬಹುದು.

ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿದ್ದರೆ ದಾರಿ ಬೇರೆ. ಡಿಸ್ಚಾರ್ಜ್ ಆದ 4 ವಾರದೊಳಗೆ ರಿಹ್ಯಾಬ್ ಶುರುವಾಗಬೇಕೆಂಬುದು ಇಲ್ಲಿನ ಗುರಿ. ವಾರ್ಡ್ ಬಿಡುವ ಮುನ್ನವೇ ರೆಫರಲ್ ಹೋಯಿತೇ ಎಂದು ವಿಚಾರಿಸಿ. ಉಳಿದವರಿಗೆ ರೆಫರಲ್ ಆದ 90 ದಿನದೊಳಗೆ ಶುರುವಾಗಬೇಕು, ಆದರೆ ಎಷ್ಟೋ ಕಡೆ ಅದು ದಾಟುತ್ತದೆ. ನಮ್ಮ ಪತ್ರವಂತೂ ಸರ್ಜರಿಯಲ್ಲೇ ಕೂತಿತ್ತು. ಆರು ವಾರ ಬಿಟ್ಟು ಫೋನ್ ಮಾಡಿದಾಗಲೇ ಗೊತ್ತಾದದ್ದು. ಎರಡು ವಾರಕ್ಕೊಮ್ಮೆ ಫೋನ್ ಮಾಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮೊದಲ ದಿನ ಅಸೆಸ್‌ಮೆಂಟ್. ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು ಲೆಸ್ಟರ್‌ನಲ್ಲಿ ರೂಪುಗೊಂಡು 1992ರಲ್ಲಿ ಪ್ರಕಟವಾದ ಶಟಲ್ ವಾಕ್ ಟೆಸ್ಟ್. 9 ಮೀಟರ್ ದೂರದಲ್ಲಿ ಎರಡು ಕೋನ್ ಇಟ್ಟಿರುತ್ತಾರೆ. ತಿರುವು ಸೇರಿ ಒಂದು ಸುತ್ತಿಗೆ 10 ಮೀಟರ್. ಸ್ಪೀಕರಿನಿಂದ ಬೀಪ್ ಬರುವಷ್ಟರಲ್ಲಿ ಆಚೆ ಕೋನ್ ಮುಟ್ಟಬೇಕು. ಮೊದಲ ನಿಮಿಷ ದೇವಸ್ಥಾನದ ಪ್ರದಕ್ಷಿಣೆಯಷ್ಟು ನಿಧಾನ. ಆಮೇಲೆ ನಿಮಿಷ ನಿಮಿಷಕ್ಕೂ ಬೀಪ್ ಹತ್ತಿರವಾಗುತ್ತ ಬರುತ್ತದೆ. ಬೆರಳಿಗೆ ಆಕ್ಸಿಮೀಟರ್, ಕೊನೆಗೆ ಮುಖದ ಮುಂದೆ 0ರಿಂದ 10ರ ಬೋರ್ಗ್ ಕಾರ್ಡ್: ಉಸಿರು ಎಷ್ಟು ಕಟ್ಟಿತು, ಬೆರಳಿಟ್ಟು ತೋರಿಸಿ. ನಮ್ಮತ್ತೆ 11 ಸುತ್ತು ಹಾಕಿ ನಿಂತರು, ಅಂದರೆ 110 ಮೀಟರ್. ಬೆರಳಿಟ್ಟದ್ದು 2ರ ಮೇಲೆ! ಮುಖ ನೋಡಿದರೆ 7. ಫಿಸಿಯೋ ನಕ್ಕು ಮತ್ತೆ ಕೇಳಿದಳು. ಇಲ್ಲಿ ಸುಳ್ಳು ಹೇಳಬಾರದು, ಯಾಕೆಂದರೆ ವ್ಯಾಯಾಮದ ಡೋಸ್ ನಿಗದಿಯಾಗುವುದೇ ಈ ಅಂಕಿಗಳಿಂದ.

ತರಗತಿಯಲ್ಲಿ ನಡಿಗೆ, ಸೈಕಲ್, ಕುರ್ಚಿಯಿಂದ ಎದ್ದು ಕೂರುವುದು, ಸಣ್ಣ ಡಂಬೆಲ್. ಸುತ್ತಲಿರುವವರೂ ಏದುಸಿರಿನವರೇ ಆದ್ದರಿಂದ ನಾಚಿಕೆ ಬೇಗ ಬಿಡುತ್ತದೆ. ಸೀರೆ ಉಟ್ಟೂ ಮಾಡಬಹುದು, ನೆರಿಗೆ ತುಸು ಮೇಲಿರಲಿ, ಆದರೆ ಚಪ್ಪಲಿ ಬೇಡ, ಶೂ ಬೇಕೇ ಬೇಕು. ದಮ್ಮು ಹತ್ತಿದಾಗ ಎಳೆಯುವ ನೀಲಿ ಇನ್‌ಹೇಲರ್ ಕೈಚೀಲದಲ್ಲಿರಲಿ. ಪಾಠದ ಹೊತ್ತಿನಲ್ಲಿ ಇನ್‌ಹೇಲರ್ ಸರಿಯಾಗಿ ಎಳೆಯುವುದು, ತುಟಿ ಚೂಪಾಗಿಸಿ ನಿಧಾನ ಉಸಿರು ಬಿಡುವುದು, ಕಫ ತೆಗೆಯುವುದು ಹೇಳಿಕೊಡುತ್ತಾರೆ.

ತರಗತಿಯಿಲ್ಲದ ದಿನ ಮನೆಯಲ್ಲೂ ಮಾಡಬೇಕು. ಆಗ ದೊಡ್ಡ ಅಡ್ಡಿ ನಾವೇ. "ಸಾಕು, ಕೂತ್ಕೊಳ್ಳಿ ಅತ್ತೆ" ಎಂದು ನಾನೇ ಎಷ್ಟು ಸಲ ಕುರ್ಚಿ ಎಳೆದಿದ್ದೇನೋ. ಮಾತಾಡುವಷ್ಟು ಉಸಿರು ಉಳಿದಿದ್ದರೆ ಆ ಮೇಲುಸಿರು ಅಪಾಯವಲ್ಲ, ನಿಂತ ಮೇಲೆ ತಾನೇ ಇಳಿಯುತ್ತದೆ. ಎದೆನೋವು, ತಲೆಸುತ್ತು ಬಂದರೆ ಮಾತ್ರ ತಕ್ಷಣ ನಿಲ್ಲಿಸಬೇಕು. ನಿಲ್ಲಿಸಿದರೂ ಎದೆನೋವು ಇಳಿಯದಿದ್ದರೆ ಇಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ. ಹೃದಯಾಘಾತ ಆಗಿ ಹೆಚ್ಚು ದಿನವಾಗದಿದ್ದರೆ, ಅಸ್ಥಿರ ಆಂಜೈನಾ (ಸುಮ್ಮನಿದ್ದಾಗಲೂ ಬರುವ ಹೃದಯದ ಎದೆನೋವು) ಇದ್ದರೆ ಅವರೇ ಸೇರಿಸಿಕೊಳ್ಳುವುದಿಲ್ಲ. ಆ ವಿಷಯ ಮುಚ್ಚಿಡಬೇಡಿ.

ಇಂಗ್ಲಿಷ್ ಬಾರದವರಿಗೆ ದುಭಾಷಿ ಉಚಿತ. ರೆಫರಲ್‌ನಲ್ಲೇ 'ಕನ್ನಡ' ಎಂದು ಬರೆಸಿ. ಬರೀ ಇಂಡಿಯನ್ ಅಂದಿದ್ದಕ್ಕೆ ನಮಗೆ ಫೋನಿನಲ್ಲಿ ಸಿಕ್ಕಿದ್ದು ಹಿಂದಿಯವರು.

ಇನ್ನು ದುಡ್ಡು. ಇಲ್ಲಿ ನೆಲೆಸಿದವರಿಗೆ, ವೀಸಾ ಜೊತೆ ಹೆಲ್ತ್ ಸರ್ಚಾರ್ಜ್ ಎಂಬ ಆರೋಗ್ಯ ಶುಲ್ಕ ಕಟ್ಟಿದವರಿಗೆ ರಿಹ್ಯಾಬ್ ಉಚಿತ. ಆರು ತಿಂಗಳ ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನ ಕಥೆ ಬೇರೆ. ಇಂಗ್ಲೆಂಡ್‌ನಲ್ಲಿ ಜಿಪಿಯನ್ನು ಅವರೂ ಉಚಿತವಾಗಿ ಕಾಣಬಹುದು. ಆದರೆ ಆಸ್ಪತ್ರೆ ಮತ್ತು ಕಮ್ಯುನಿಟಿ ಸೇವೆಗೆ ಎನ್‌ಎಚ್‌ಎಸ್ ದರದ 150% ಬಿಲ್ ಬರುತ್ತದೆ, ತುರ್ತಲ್ಲದ ಚಿಕಿತ್ಸೆಗೆ ಮುಂಗಡವಾಗಿಯೇ ಕಟ್ಟಿಸಿಕೊಳ್ಳುತ್ತಾರೆ. ಅವರಿಗೆ ಊರಿನ ಡಾಕ್ಟರ ಹತ್ತಿರ ವ್ಯಾಯಾಮದ ಚೀಟಿ ಬರೆಸಿಕೊಂಡು ಬರುವುದೇ ವಾಸಿ.

ಕೊನೆಯ ತರಗತಿಯಲ್ಲಿ ಅದೇ ಕೋನ್, ಅದೇ ಬೀಪ್. ಈ ಸಲ 18 ಸುತ್ತು. ಬಿಟ್ಟರೆ ಈ ಲಾಭ ತಿಂಗಳುಗಳಲ್ಲಿ ಕರಗುತ್ತದೆ. ಅದಕ್ಕೇ ಆ ದಿನವೇ ಲೀಷರ್ ಸೆಂಟರಿನಲ್ಲಿ ವ್ಯಾಯಾಮ ಮುಂದುವರಿಸಲು ಎಕ್ಸರ್‌ಸೈಜ್ ರೆಫರಲ್ ಪತ್ರ ಕೇಳಿ ಪಡೆದುಕೊಳ್ಳಿ. ವರ್ಷ ಕಳೆದ ಮೇಲೆ ಮತ್ತೆ ದಮ್ಮು ಹೆಚ್ಚಾದರೆ ಇನ್ನೊಮ್ಮೆ ಕೋರ್ಸಿಗೆ ಕಳಿಸಿ ಎಂದು ಜಿಪಿಯನ್ನು ಕೇಳಬಹುದು. ನಮ್ಮತ್ತೆ ಈಗಾಗಲೇ ಕೇಳಿದ್ದಾರೆ, ದಮ್ಮು ಹೆಚ್ಚಾಗುವ ಮೊದಲೇ.