ಊರ ತೋಡಿಗೊಂದು ಗೋಡೆಚಿತ್ರ: ಬರೆಯುವುದು ಹೇಗೆ?

ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣ ಬಂತೆಂದರೆ ಕೊಡಗಿಗೆ ಕೊಡಗೇ ಕಾವೇರಿಯನ್ನು ನೆನೆಯುತ್ತದೆ. ಆ ಕಾವೇರಿಗೆ ನೀರು ಕೂಡಿಸುವ ನಮ್ಮೂರ ತೋಡುಗಳನ್ನು, ಅಂದರೆ ಸಣ್ಣ ಹಳ್ಳಗಳನ್ನು, ಮಾತ್ರ ಕೇಳುವವರು ಕಡಿಮೆ. ಅಂಥ ಒಂದು ತೋಡನ್ನು ಊರವರೇ ಸೇರಿ ಗೋಡೆಯ ಮೇಲೆ ಬರೆಯಬಹುದು.

ಕಾಫಿ ಕೊಯ್ಲಿನ ಹೊತ್ತಿನಲ್ಲಿ ಯಾರೂ ಕೈಗೆ ಸಿಗುವುದಿಲ್ಲ. ಮಕ್ಕಳಿಗೆ ರಜೆಯಿರುವ ಏಪ್ರಿಲ್ ಒಳ್ಳೆಯದು. ಮಧ್ಯಾಹ್ನದ ಮೇಲೆ ಮಳೆ ಬರಬಹುದು, ಹಾಗಾಗಿ ಕೆಲಸ ಬೆಳಿಗ್ಗೆಯೇ ಆಗಲಿ. ಶಾಲೆ, ಅಂಗನವಾಡಿ, ಬಸ್ ತಂಗುದಾಣ, ಯಾವ ಗೋಡೆಯಾದರೂ ಸರಿ. ಮೇಲೆ ಸೂರು ಚಾಚಿರಬೇಕು. ಪಂಚಾಯಿತಿಯ ಒಪ್ಪಿಗೆ ಬರಹದಲ್ಲೇ ಇರಲಿ.

ಬ್ರಷ್ ಹಿಡಿಯುವ ಮೊದಲು ಹಿರಿಯರ ಜೊತೆ ತೋಡಿನುದ್ದಕ್ಕೂ ನಡೆಯಿರಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬರೀ ಬಣ್ಣ. ಬಟ್ಟೆ ಒಗೆಯುತ್ತಿದ್ದ ಕಲ್ಲು ಯಾವುದು, ಬೇಸಿಗೆಯಲ್ಲೂ ಬತ್ತದ ಗುಂಡಿ ಎಲ್ಲಿತ್ತು, ಮಳೆಗಾಲದಲ್ಲಿ ತೆರ್ಮೆ ಸೊಪ್ಪು (ತಿನ್ನುವ ಜರಿಗಿಡದ ಕುಡಿ) ಎಲ್ಲಿ ಕೀಳುತ್ತಿದ್ದರು ಅಂತ ಕೇಳಿ. ಮಕ್ಕಳು ಅಲ್ಲೇ ಕೂತು ನೋಡಿ ಬರೆಯಲಿ: ತುದಿ ಸುರುಳಿ ಸುತ್ತಿದ ತೆರ್ಮೆಯ ಎಳೆ ಕುಡಿ, ಕಲ್ಲಿನಡಿ ಅರ್ಧ ಮೈ ಮುಚ್ಚಿಕೊಂಡ ಏಡಿ, ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಮಿಂಚುಳ್ಳಿ. ಮೊಬೈಲಿನಲ್ಲಿ ಸಿಗುವ ಕಮಲ, ಹಂಸ ಬೇಡ. ಅವು ನಮ್ಮ ತೋಡಿನವಲ್ಲ ಅಲ್ವಾ?

ಗೋಡೆಯ ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆದು, ತೊಳೆದು, ಒಣಗಲು ಬಿಡಿ. ಆಮೇಲೆ ಒಂದು ಪ್ಲಾಸ್ಟಿಕ್ ತುಂಡನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಮರುದಿನ ಒಳಗಡೆ ನೀರಿನ ಹನಿ ಕಂಡರೆ ಗೋಡೆ ಇನ್ನೂ ತೇವ, ಕಾಯಲೇಬೇಕು. ಅವಸರ ಮಾಡಿದರೆ ಮುಂದಿನ ಮಳೆಗಾಲಕ್ಕೆ ಬಣ್ಣ ಹಪ್ಪಳದಂತೆ ಏಳುತ್ತದೆ. ಒಣಗಿದ ಮೇಲೆ ಹೊರಗೋಡೆಯ ಪ್ರೈಮರ್ (ಬಣ್ಣಕ್ಕೆ ಮೊದಲಿನ ಲೇಪ), ನಂತರ ಹೊರಗೋಡೆಯ ಎಮಲ್ಶನ್ ಬಣ್ಣ.

ಕಾಗದದ ಚಿತ್ರದ ಮೇಲೆ 1 ಇಂಚಿನ ಚೌಕ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 1 ಅಡಿಯ ಚೌಕ ಹಾಕಿ. ಒಂದೊಂದೇ ಚೌಕ ನೋಡಿಕೊಂಡು ಗೆರೆ ಎಳೆದರೆ ಅಳತೆ ತಪ್ಪುವುದಿಲ್ಲ. ಕೆಳಗಿನ ಭಾಗ ಮಕ್ಕಳಿಗೆ, ಏಣಿ ಬೇಕಾದದ್ದು ದೊಡ್ಡವರಿಗೆ.

ಬ್ರಷ್‌ಗಳನ್ನು ಮಾತ್ರ ತೋಡಿನಲ್ಲಿ ತೊಳೆಯಲೇಬೇಡಿ. ಎಮಲ್ಶನ್‌ನಲ್ಲಿ ಪ್ಲಾಸ್ಟಿಕ್ ಅಂಶ ಇರುತ್ತದೆ. ಮೊದಲು ಹಳೇ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬಕೆಟ್‌ನಲ್ಲಿ ತೊಳೆಯಿರಿ. ಬಣ್ಣದ ನೀರು ಚರಂಡಿಗೂ ಹೋಗಬಾರದು, ಅದೂ ಕೊನೆಗೆ ತೋಡಿಗೇ ಸೇರುತ್ತದೆ.

ಚಿತ್ರದ ಪಕ್ಕ 1 ಅಡಿ ಅಗಲದ ಬಿಳಿ ಪಟ್ಟಿ ಬಿಡಿ. ತೋಡಿನ ಒಂದೇ ಜಾಗದಲ್ಲಿ ಕೋಲು ಇಳಿಸಿ, ಪ್ರತಿ ಮಾರ್ಚ್‌ನಲ್ಲಿ ಮತ್ತು ತುಲಾ ಸಂಕ್ರಮಣದ ವಾರದಲ್ಲಿ ನೀರಿನ ಆಳ ಅಳೆದು, ತಾರೀಖಿನ ಸಮೇತ ಅಲ್ಲಿ ಗುರುತು ಹಾಕಿ. ಈ ಕೆಲಸ ಶಾಲೆಯ ದೊಡ್ಡ ತರಗತಿಯ ಮಕ್ಕಳಿಗೆ ವಹಿಸಿ, ಜೊತೆಗೆ ದೊಡ್ಡವರೊಬ್ಬರು ಇರಲಿ.